ಮೊಂಟಾನಾದ ರೈತ ಸೆನೆಟರ್ ಯಾಕೆ ಸೋತರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇತ್ತು. ಅಲ್ಲಿ 18 ವರ್ಷ ಸೆನೆಟರ್ ಆಗಿದ್ದ ಜಾನ್ ಟೆಸ್ಟರ್ ಅನ್ನುವ ರೈತ 2024ರ ನವೆಂಬರ್‌ನಲ್ಲಿ ಮರುಆಯ್ಕೆಗೆ ನಿಂತು ಸೋತರು ಅಂತ ನಾಲ್ಕು ಸಾಲು ಬರೆದಿದ್ದೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬಹಳ ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಈ ಸಲ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ.

ಸೆನೆಟರ್ ಅಂದರೆ ನಮ್ಮ ರಾಜ್ಯಸಭಾ ಸದಸ್ಯರ ಥರಾನಾ? ಅವರನ್ನು ಆರಿಸೋದು ಯಾರು?
– ನಿವೃತ್ತ ಮೇಷ್ಟ್ರು, ಅರಸೀಕೆರೆ

ಮೇಷ್ಟ್ರೇ, ಅರ್ಧ ಹೌದು, ಅರ್ಧ ಅಲ್ಲ. ಅವಧಿ ಎರಡೂ ಕಡೆ 6 ವರ್ಷ. ಸದಸ್ಯರಾಗೋಕೆ ಎರಡೂ ಕಡೆ 30 ವರ್ಷ ತುಂಬಿರಬೇಕು. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸೀಟು ಖಾಲಿಯಾಗುತ್ತವೆ, ಇಡೀ ಮನೆ ಒಂದೇ ಸಲ ವಿಸರ್ಜನೆ ಆಗಲ್ಲ. ಇಲ್ಲಿಯವರೆಗೆ ಎರಡೂ ಒಂದೇ.

ವ್ಯತ್ಯಾಸ ಇರೋದು ಮತ ಹಾಕುವವರಲ್ಲಿ. ನಮ್ಮ ರಾಜ್ಯಸಭಾ ಸದಸ್ಯರನ್ನು ಶಾಸಕರು ಆರಿಸುತ್ತಾರೆ, ನೀವೂ ನಾನೂ ಆ ಚುನಾವಣೆಯಲ್ಲಿ ಬರಿ ಪೇಪರ್ ಓದುವವರು. ಅಮೆರಿಕದಲ್ಲೂ ಮೊದಲು ಹಾಗೇ ಇತ್ತು, ರಾಜ್ಯದ ಶಾಸನಸಭೆಯೇ ಸೆನೆಟರ್‌ಗಳನ್ನು ಆರಿಸುತ್ತಿತ್ತು. ಲಂಚದ ದೂರು, ತಿಂಗಳುಗಟ್ಟಲೆ ಸೀಟು ಖಾಲಿ ಬೀಳೋದು, ಇವೆಲ್ಲ ಜಾಸ್ತಿಯಾಗಿ ಜನ ರೊಚ್ಚಿಗೆದ್ದರು. ಕೊನೆಗೆ 1913ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದರು. ಅಂದಿನಿಂದ ಇಡೀ ರಾಜ್ಯದ ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ.

ಇನ್ನೊಂದು ವಿಷಯ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಸೆನೆಟರ್‌ಗಳು ಇಬ್ಬರೇ. ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ಮೊಂಟಾನಾಕ್ಕೂ ಇಬ್ಬರು. 50 ರಾಜ್ಯ, 100 ಸೆನೆಟರ್. ನಮ್ಮಲ್ಲಿ ರಾಜ್ಯಸಭೆಗೆ ಜನಸಂಖ್ಯೆ ನೋಡಿ ಸೀಟು ಹಂಚಿದ್ದಾರೆ, ಕರ್ನಾಟಕಕ್ಕೆ 12.

ಟೆಸ್ಟರ್ ರೈತರು, ಊರವರು, ಕೆಲಸ ಮಾಡಿದವರು ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಸೋತಿದ್ದು ಹೇಗೆ? ನಮ್ಮ ಕಡೆ ಹೇಳುವ ಹಾಗೆ ಆಡಳಿತ ವಿರೋಧಿ ಅಲೆಯಾ?
– ಕಾಫಿ ಬೆಳೆಗಾರರು, ಮೂಡಿಗೆರೆ

ಅತಿ ಹೆಚ್ಚು ಪತ್ರ ಬಂದಿದ್ದು ಈ ಪ್ರಶ್ನೆಗೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಜಾಗ ಎಂಥದ್ದು ನೋಡಿ. ಮೊಂಟಾನಾದ ವಿಸ್ತೀರ್ಣ ನಮ್ಮ ಕರ್ನಾಟಕದ ಎರಡರಷ್ಟು, ಸುಮಾರು 3.8 ಲಕ್ಷ ಚದರ ಕಿಲೋಮೀಟರ್. ಜನ ಎಷ್ಟು ಗೊತ್ತಾ? 2020ರ ಗಣತಿಯಲ್ಲಿ 10.84 ಲಕ್ಷ. ನಮ್ಮ ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ 2011ರಲ್ಲಿ 11.38 ಲಕ್ಷ ಜನ ಇದ್ದರು. ಅಷ್ಟು ಕಡಿಮೆ ಜನ ಅಷ್ಟು ದೊಡ್ಡ ನೆಲದ ಮೇಲೆ ಚದುರಿಕೊಂಡಿದ್ದಾರೆ. ಇಂಥ ಕಡೆ ಸೆನೆಟರ್ ಅಂದರೆ ಟೀವಿಯಲ್ಲಿ ಕಾಣುವ ಮುಖ ಅಷ್ಟೇ ಅಲ್ಲ. ಸಂತೆಯಲ್ಲೋ ಜಾತ್ರೆಯಲ್ಲೋ ಎದುರಿಗೆ ಸಿಕ್ಕಿ ಮಾತಾಡಿಸಿದ ಮನುಷ್ಯ.

ಟೆಸ್ಟರ್ ಊರು ಬಿಗ್ ಸ್ಯಾಂಡಿ, ಒಂದು ಸಣ್ಣ ಹಳ್ಳಿ. ತಾತ ಬಂದು ನೆಲೆ ನಿಂತ 1800 ಎಕರೆ ಜಮೀನು, ಮಳೆಯಾಶ್ರಿತ ಬೇಸಾಯ, ಗೋಧಿ, ಬಟಾಣಿ, ಮಸೂರದಂಥ ಬೆಳೆ. 1980ರ ದಶಕದಲ್ಲೇ ರಾಸಾಯನಿಕ ಬಿಟ್ಟು ಸಾವಯವಕ್ಕೆ ಬಂದವರು. ಮನೆಯಲ್ಲಿ ಮಾಂಸ ಕತ್ತರಿಸಿ ಮಾರುವ ಕಸುಬೂ ಇತ್ತು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವರ ಎಡಗೈ ಮಾಂಸ ಅರೆಯುವ ಯಂತ್ರಕ್ಕೆ ಸಿಕ್ಕಿ ನಡುವಿನ ಮೂರು ಬೆರಳು ಹೋದವು. ಉಳಿದಿದ್ದು ಹೆಬ್ಬೆರಳು, ಕಿರುಬೆರಳು. ಆ ಕೈಯಲ್ಲೇ ಟ್ರಂಪೆಟ್ ಕಲಿತು, ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದರು. ಸೆನೆಟರ್ ಆದ ಮೇಲೂ ಉಳುಮೆ, ಕೊಯ್ಲು ಬಿಡಲಿಲ್ಲ. ವಾಷಿಂಗ್ಟನ್‌ಗೆ ಹೋಗುವಾಗ ತಾವೇ ಕಡಿದು ಗಟ್ಟಿ ಮಾಡಿಟ್ಟ ದನದ ಮಾಂಸವನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಮತಕ್ಕೋಸ್ಕರ ಹಾಕಿದ ವೇಷ ಅಲ್ಲ ಅದು. ಅವರ ಬದುಕು ಇದ್ದದ್ದೇ ಹಾಗೆ.

ಕೆಲಸವೂ ಕಮ್ಮಿ ಇರಲಿಲ್ಲ. ಸೆನೆಟ್‌ನಲ್ಲಿ ಮಾಜಿ ಸೈನಿಕರ ವ್ಯವಹಾರಗಳ ಸಮಿತಿಗೆ ಅಧ್ಯಕ್ಷರಾಗಿದ್ದರು. ಇರಾಕ್, ಅಫ್ಘಾನಿಸ್ತಾನದಲ್ಲಿ ಸೇನೆಯವರು ಕಸವನ್ನೆಲ್ಲ ಗುಂಡಿಗೆ ಹಾಕಿ ಸುಡುತ್ತಿದ್ದರು. ಆ ಹೊಗೆ ಕುಡಿದು ಕಾಯಿಲೆ ಬಿದ್ದ ಸೈನಿಕರಿಗೆ ಚಿಕಿತ್ಸೆ, ಪರಿಹಾರ ಕೊಡುವ ಕಾನೂನು 2022ರಲ್ಲಿ ಬಂತು. ಅದರ ಹಿಂದೆ ಬಿದ್ದು ಪಾಸು ಮಾಡಿಸಿದವರಲ್ಲಿ ಇವರೂ ಮುಖ್ಯರು. ಮೊಂಟಾನಾದಲ್ಲಿ ಮಾಜಿ ಸೈನಿಕರ ಪ್ರಮಾಣ ಜಾಸ್ತಿ, ಹಾಗಾಗಿ ಅಲ್ಲಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಹಾಸನ, ಕೊಡಗು ಕಡೆ ಮನೆಯಲ್ಲಿ ಯಾರಾದರೂ ಮಿಲಿಟರಿಯಲ್ಲಿದ್ದವರಿಗೆ ಪಿಂಚಣಿ, ಆಸ್ಪತ್ರೆ ವಿಷಯದಲ್ಲಿ ಒಬ್ಬ ಜನಪ್ರತಿನಿಧಿ ನಿಂತರೆ ಅದರ ಬೆಲೆ ಎಷ್ಟು ಅಂತ ಗೊತ್ತಿರುತ್ತೆ.

ಇನ್ನು ಅವರ ಚುನಾವಣೆಗಳು. 2006ರಲ್ಲಿ ಮೊದಲ ಸಲ ಗೆದ್ದಿದ್ದು ಸುಮಾರು ಮೂರೂವರೆ ಸಾವಿರ ಮತದಲ್ಲಿ, ಅದೂ ಹಾಲಿ ಸೆನೆಟರ್ ಕಾನ್ರಾಡ್ ಬರ್ನ್ಸ್ ವಿರುದ್ಧ. 2012ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮೊಂಟಾನಾ ಜನ ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿಗೆ ಒಬಾಮಾಗಿಂತ ಸುಮಾರು ಶೇ 14ರಷ್ಟು ಜಾಸ್ತಿ ಮತ ಕೊಟ್ಟರು. ಅದೇ ದಿನ, ಅದೇ ಜನ, ಸೆನೆಟ್‌ಗೆ ಡೆಮಾಕ್ರಟಿಕ್ ಪಕ್ಷದ ಟೆಸ್ಟರ್ ಅವರನ್ನು ಗೆಲ್ಲಿಸಿದರು. 2018ರಲ್ಲಿ ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಟ್ರಂಪ್ ಮೊಂಟಾನಾಕ್ಕೆ ಮತ್ತೆ ಮತ್ತೆ ಬಂದು ಟೆಸ್ಟರ್ ವಿರುದ್ಧ ಸಭೆ ಮಾಡಿದರು. ಆಗಲೂ ಟೆಸ್ಟರ್ ಗೆದ್ದರು. ಪಕ್ಷ ಬೇರೆ, ಈ ಮನುಷ್ಯ ಬೇರೆ ಅಂತ ಅಲ್ಲಿನ ಒಂದಷ್ಟು ಜನ ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು.

2024ರಲ್ಲಿ ಏನಾಯಿತು? ಅಧ್ಯಕ್ಷ ಸ್ಥಾನಕ್ಕೆ ಅಲ್ಲಿ ಟ್ರಂಪ್ ಗೆದ್ದ ಅಂತರ ಶೇ 20ಕ್ಕೆ ಏರಿತು. ಟೆಸ್ಟರ್ ಸೋತಿದ್ದು ಶೇ 7ರಲ್ಲಿ, ಸುಮಾರು 43 ಸಾವಿರ ಮತ. ಅಂದರೆ ಟ್ರಂಪ್‌ಗೆ ಮತ ಹಾಕಿದವರಲ್ಲಿ ಎಷ್ಟೋ ಜನ ಆಗಲೂ ಕೆಳಗೆ ಬಂದು ಟೆಸ್ಟರ್ ಹೆಸರಿನ ಮುಂದೆ ಗುರುತು ಹಾಕಿದ್ದಾರೆ. ಅಲೆ ಅಷ್ಟು ಜೋರಾಗಿದ್ದಾಗ ಅವರ ಸ್ವಂತ ಹೆಸರು ಅವರನ್ನು ಅರ್ಧಕ್ಕಿಂತ ಜಾಸ್ತಿ ದೂರ ಎಳೆದು ತಂದಿತು, ದಡ ಮುಟ್ಟಿಸಲಿಲ್ಲ. ತಮ್ಮದೇ ಪಕ್ಷದ ಅಧ್ಯಕ್ಷ ಬೈಡನ್ ಕಣದಿಂದ ಹಿಂದೆ ಸರಿಯಲಿ ಅಂತ ಟೆಸ್ಟರ್ ಬಹಿರಂಗವಾಗಿ ಹೇಳಿದರು, ಆಮೇಲೆ ಪಕ್ಷದ ಅಭ್ಯರ್ಥಿಯಾದ ಕಮಲಾ ಹ್ಯಾರಿಸ್‌ಗೂ ಬೆಂಬಲ ಘೋಷಿಸಲೇ ಇಲ್ಲ. ಪಕ್ಷದಿಂದ ಅಷ್ಟು ದೂರ ನಿಂತರೂ ಜನ ಅವರನ್ನು ಪಕ್ಷದ ಲೆಕ್ಕದಲ್ಲೇ ಹಿಡಿದರು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇದು ಆಡಳಿತ ವಿರೋಧಿ ಅಲೆ ಅಲ್ಲ. ಅವರ ಕೆಲಸದ ಮೇಲೆ ಸಿಟ್ಟು ಬಂದು ಜನ ಸೋಲಿಸಲಿಲ್ಲ. ಸೆನೆಟ್‌ನಲ್ಲಿ ಆಗ ಡೆಮಾಕ್ರಟಿಕ್ ಕಡೆ 51, ರಿಪಬ್ಲಿಕನ್ ಕಡೆ 49. ಎರಡು ಸೀಟು ಆಚೀಚೆಯಾದರೆ ಇಡೀ ಸೆನೆಟ್‌ನ ಬಹುಮತ ಬದಲಾಗುತ್ತಿತ್ತು. ಹಾಗಾಗಿ ಪ್ರಚಾರ ಪೂರ್ತಿ ಒಂದೇ ಮಾತಿನ ಮೇಲೆ ನಡೆಯಿತು, ಸೆನೆಟ್ ಯಾವ ಪಕ್ಷದ ಕೈಯಲ್ಲಿರಬೇಕು ಅಂತ. ಬಿಗ್ ಸ್ಯಾಂಡಿಯ ರೈತ ಏನು ಮಾಡಿದ ಅನ್ನೋದು ಹಿಂದೆ ಬಿತ್ತು. ಗೆದ್ದ ರಿಪಬ್ಲಿಕನ್ ಪಕ್ಷದ ಟಿಮ್ ಶೀಹಿ ಅವರನ್ನೂ ಅಲ್ಲಗಳೆಯುವ ಹಾಗಿಲ್ಲ. ನೌಕಾಪಡೆಯ ಕಮಾಂಡೊ ಆಗಿದ್ದವರು, ವಿಮಾನದಿಂದ ಕಾಡ್ಗಿಚ್ಚು ಆರಿಸುವ ಕಂಪನಿ ಕಟ್ಟಿದವರು. ಜನ ಅವರನ್ನು ಆರಿಸಿದ್ದಾರೆ, ಅದು ಅವರ ಹಕ್ಕು. ನನಗೆ ಬೇಜಾರಾಗೋದು ಫಲಿತಾಂಶದ ಬಗ್ಗೆ ಅಲ್ಲ, ಬೇರೆ ಬೇರೆ ತೂಗುವ ಆ ಅಭ್ಯಾಸ ಕಮ್ಮಿಯಾಗುತ್ತಾ ಬಂದಿರೋದರ ಬಗ್ಗೆ. ಹಾಲಿ ಸದಸ್ಯ ಚೆನ್ನಾಗಿ ಕೆಲಸ ಮಾಡಿದರೂ ಬಿಟ್ಟರೂ ಫಲಿತಾಂಶ ಒಂದೇ ಅಂತಾದರೆ, ಮುಂದೆ ಬರುವವರು ಕೆಲಸ ಯಾಕೆ ಮಾಡಬೇಕು ಹೇಳಿ?

ಪೂರ್ತಿ ಹೋಗಿಲ್ಲ ಅನ್ನೋದಕ್ಕೂ ಅದೇ ರಾತ್ರಿಯ ಉದಾಹರಣೆ ಇದೆ. ವಿಸ್ಕಾನ್ಸಿನ್‌ನಲ್ಲಿ ಟ್ರಂಪ್ ಗೆದ್ದರು, ಅಂತರ ಸುಮಾರು 29 ಸಾವಿರ. ಅಲ್ಲೇ ಎದುರು ಪಕ್ಷದ ಹಾಲಿ ಸೆನೆಟರ್ ಟ್ಯಾಮಿ ಬಾಲ್ಡ್ವಿನ್ ಕೂಡ ಗೆದ್ದರು, ಅವರ ಅಂತರವೂ ಸುಮಾರು 29 ಸಾವಿರ!

ನಮ್ಮ ಜಿಲ್ಲೆಯ ಜನ ಇದನ್ನು ಚೆನ್ನಾಗಿಯೇ ಮಾಡುತ್ತಾರೆ ಅಂತ ನನಗೆ ಹೆಮ್ಮೆ ಇದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕ್ಷೇತ್ರ ಕಾಂಗ್ರೆಸ್‌ಗೆ ಹೋದವು. ಒಂದೇ ವರ್ಷದಲ್ಲಿ, 2024ರ ಲೋಕಸಭೆಗೆ, ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಅದರಲ್ಲಿ ಉಡುಪಿ ಕಡೆಯ ನಾಲ್ಕು ಕ್ಷೇತ್ರಗಳೂ ಸೇರಿವೆ, ನಿಜ. ಆದರೂ ವಿಧಾನಸೌಧಕ್ಕೆ ಯಾರು, ದೆಹಲಿಗೆ ಯಾರು ಅಂತ ಮಲೆನಾಡಿನ ಮತದಾರ ಬೇರೆ ಬೇರೆ ಯೋಚನೆ ಮಾಡುತ್ತಾನೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಅಮೆರಿಕದಲ್ಲಿ ಹಾಲಿ ಸೆನೆಟರ್‌ಗಳು ಸೋಲೋದು ಸಾಮಾನ್ಯವಾ? ನಮ್ಮ ಹಾಸನದಲ್ಲಂತೂ ದೊಡ್ಡ ದೊಡ್ಡವರೇ ಸೋತಿದ್ದಾರೆ.
– ಅಂಗಡಿ ಮಾಲೀಕರು, ಹಾಸನ

ಸಾಮಾನ್ಯ ಅಲ್ಲ. ಮರುಆಯ್ಕೆಗೆ ನಿಂತ ಸೆನೆಟರ್‌ಗಳಲ್ಲಿ ಬಹುಪಾಲು ಗೆದ್ದೇ ಬರುತ್ತಾರೆ. 2022ರ ನವೆಂಬರ್‌ನಲ್ಲಿ ಒಬ್ಬ ಹಾಲಿ ಸೆನೆಟರ್ ಕೂಡ ಸೋಲಲಿಲ್ಲ. 2024ರಲ್ಲಿ ಮೂವರು ಸೋತರು: ಮೊಂಟಾನಾದ ಟೆಸ್ಟರ್, ಒಹಾಯೊದ ಶೆರಾಡ್ ಬ್ರೌನ್, ಪೆನ್ಸಿಲ್ವೇನಿಯಾದ ಬಾಬ್ ಕೇಸಿ.

ಆದರೆ ಮೊಂಟಾನಾದ ಆ ಸೀಟಿಗೆ ಅದರದ್ದೇ ಚರಿತ್ರೆ ಇದೆ. 1988ರಲ್ಲಿ ಹಾಲಿ ಸೆನೆಟರ್ ಜಾನ್ ಮೆಲ್ಚರ್ ಅವರನ್ನು ಬರ್ನ್ಸ್ ಸೋಲಿಸಿದರು. ಬರ್ನ್ಸ್ ಮೂರು ಅವಧಿ ಮುಗಿಸಿ ನಾಲ್ಕನೆಯದಕ್ಕೆ ನಿಂತಾಗ ಟೆಸ್ಟರ್ ಸೋಲಿಸಿದರು. ಟೆಸ್ಟರ್ ಕೂಡ ಮೂರು ಅವಧಿ ಮುಗಿಸಿ ನಾಲ್ಕನೆಯದಕ್ಕೆ ನಿಂತಾಗಲೇ ಸೋತರು.

ಹಾಸನದ ಮಾತು ಬಂದರೆ, ಪ್ರಧಾನಿಯಾಗಿದ್ದ ಎಚ್.ಡಿ. ದೇವೇಗೌಡರನ್ನೇ 1999ರಲ್ಲಿ ಹಾಸನ ಲೋಕಸಭಾ ಕ್ಷೇತ್ರ ಸೋಲಿಸಿತ್ತು. 2004ರಲ್ಲಿ ಅದೇ ಜನ ಮತ್ತೆ ಗೆಲ್ಲಿಸಿದರು. 2024ರಲ್ಲಿ ಇಲ್ಲಿನ ಹಾಲಿ ಸಂಸದರು ಸೋತಿದ್ದು 42,649 ಮತಗಳಿಂದ. ಮೊಂಟಾನಾದ ಅಂತರಕ್ಕೆ ಎಷ್ಟು ಹತ್ತಿರ ನೋಡಿ. ಆದರೆ ಕಾರಣ ಪೂರ್ತಿ ಬೇರೆ, ಹೋಲಿಸೋಕೆ ಹೋಗಬೇಡಿ.

ಒಂದು ಸೆನೆಟ್ ಚುನಾವಣೆಗೆ ಕೋಟಿಗಟ್ಟಲೆ ಡಾಲರ್ ಖರ್ಚು ಅಂತಾರಲ್ಲ, ಅಲ್ಲಿ ಚುನಾವಣಾ ಆಯೋಗ ಮಿತಿ ಹಾಕಲ್ವಾ?
– ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ತರೀಕೆರೆ

ಖರ್ಚಿಗೆ ಮಿತಿ ಇಲ್ಲ. 1976ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಖರ್ಚಿಗೆ ಕಡಿವಾಣ ಹಾಕೋದು ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧ ಅಂದುಬಿಟ್ಟಿತು. ಒಬ್ಬ ವ್ಯಕ್ತಿ ಅಭ್ಯರ್ಥಿಗೆ ನೇರವಾಗಿ ಕೊಡುವ ದೇಣಿಗೆಗೆ ಮಿತಿ ಇದೆ, 2024ರಲ್ಲಿ ಅದು ಒಂದು ಚುನಾವಣೆಗೆ 3,300 ಡಾಲರ್. ಆದರೆ 2010ರ ಇನ್ನೊಂದು ತೀರ್ಪಿನ ನಂತರ ಹೊರಗಿನ ಗುಂಪುಗಳು ಅಭ್ಯರ್ಥಿ ಜೊತೆ ಮಾತಾಡಿಕೊಳ್ಳದೆ ಎಷ್ಟು ಬೇಕಾದರೂ ಸುರಿಯಬಹುದು.

ಮೊಂಟಾನಾದಲ್ಲಿ ಎರಡೂ ಕಡೆ ಸೇರಿ 25 ಕೋಟಿ ಡಾಲರ್ ಮೀರಿ ಖರ್ಚಾಯಿತು. ಬಿದ್ದ ಮತ ಸುಮಾರು 6 ಲಕ್ಷ. ಲೆಕ್ಕ ಹಾಕಿ, ಒಂದು ಮತಕ್ಕೆ 400 ಡಾಲರ್‌ಗೂ ಜಾಸ್ತಿ. ಹಾಗಂತ ಅದನ್ನು ಮತದಾರನ ಕೈಗೆ ಕೊಡಲಿಲ್ಲ, ಬಹುಪಾಲು ಹೋಗಿದ್ದು ಜಾಹೀರಾತಿಗೆ. ಟೀವಿ, ಫೋನು, ಅಂಚೆ ಡಬ್ಬಿ ತುಂಬ ಕರಪತ್ರ. ದುಡ್ಡು ಕೊಟ್ಟವರಲ್ಲಿ ಹೆಚ್ಚಿನವರು ಮೊಂಟಾನಾದವರೇ ಅಲ್ಲ. ನನಗೆ ಇದು ಸರಿ ಅನ್ನಿಸಲ್ಲ. ದೂರದಲ್ಲಿ ಕೂತವರ ದುಡ್ಡು ಒಂದು ರಾಜ್ಯದ ಜನ ತಮ್ಮ ಪ್ರತಿನಿಧಿಯ ಬಗ್ಗೆ ಆಡಿಕೊಳ್ಳುವ ಮಾತನ್ನೇ ಮುಳುಗಿಸಿಬಿಡುತ್ತೆ. ಅಲ್ಲಿ ಒಂದು ಒಳ್ಳೆಯದಿದೆ, ಅಭ್ಯರ್ಥಿಗೆ ದೊಡ್ಡ ಮೊತ್ತ ಕೊಟ್ಟವರ ಹೆಸರು, ಮೊತ್ತ ಎಲ್ಲ ಸರ್ಕಾರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಕೆಲವು ಗುಂಪುಗಳ ಹಿಂದಿನ ದುಡ್ಡು ಮಾತ್ರ ಅಲ್ಲೂ ಕತ್ತಲೆಯಲ್ಲೇ ಇರುತ್ತೆ.

ನಮ್ಮಲ್ಲಿ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ ಮಿತಿ ಇದೆ. ಆದರೆ ನೀವು ಪಂಚಾಯಿತಿಯಲ್ಲಿದ್ದವರು, ನಿಮಗೆ ಗೊತ್ತಿರುತ್ತೆ, ವಿಧಾನ ಪರಿಷತ್ ಚುನಾವಣೆಗೆ ಈ ಥರದ ಮಿತಿ ಇಲ್ಲ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತದಾರರು ಅಂದರೆ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ ಸದಸ್ಯರು. ಮತ ಕಮ್ಮಿ, ಹಾಗಾಗಿ ಒಂದೊಂದು ಮತಕ್ಕೂ ಭಾರ ಜಾಸ್ತಿ. 2021ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಹಾಲಿ ಸದಸ್ಯ ಎಂ.ಕೆ. ಪ್ರಾಣೇಶ್ ಮರುಆಯ್ಕೆಗೆ ನಿಂತಾಗ ಘೋಷಣೆಯಾದ ಅಂತರ ಬರೀ 6 ಮತ. ಅದು ಆಮೇಲೆ ಕೋರ್ಟಿಗೂ ಹೋಯಿತು. ಆರು ಮತ ಅಂದರೆ ಒಂದು ಸಣ್ಣ ಪಂಚಾಯಿತಿಯ ಒಂದು ಸಾಲು ಕುರ್ಚಿ. ಇಂಥ ಕಡೆ ಖರ್ಚಿಗೆ ಮಿತಿ ಇಲ್ಲದಿರೋದು ತಪ್ಪು, ಇದನ್ನು ಯಾವ ಪಕ್ಷದವರು ಓದಿದರೂ ನಾನು ಹೀಗೇ ಹೇಳುತ್ತೇನೆ.

ಅಲ್ಲಿ ಹಾಲಿ ಸೆನೆಟರ್‌ಗೆ ಪಕ್ಷ ಟಿಕೆಟ್ ಕೊಡದೇ ಇರಬಹುದಾ? ಹಾಗಾದರೆ ಬಂಡಾಯ ನಿಲ್ಲಬಹುದಾ?
– ಪಿಯುಸಿ ವಿದ್ಯಾರ್ಥಿನಿ, ಕಡೂರು

ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಅಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್ ಅಲ್ಲ. ಪಕ್ಷದೊಳಗೇ ಮೊದಲು ಒಂದು ಚುನಾವಣೆ ಆಗುತ್ತೆ, ಪ್ರೈಮರಿ ಅಂತಾರೆ. ಅದರಲ್ಲಿ ಮತ ಹಾಕೋರು ಸಾಮಾನ್ಯ ಮತದಾರರೇ. ಹಾಲಿ ಸೆನೆಟರ್ ಕೂಡ ಅಲ್ಲಿ ಗೆದ್ದು ಬರಬೇಕು. ಬೆಂಗಳೂರಿಗೋ ದೆಹಲಿಗೋ ಹೋಗಿ ಪಟ್ಟಿಗಾಗಿ ಕಾಯುವ ಪದ್ಧತಿ ಇಲ್ಲ. ಪ್ರೈಮರಿಯಲ್ಲಿ ಸೋತವರು ಮತ್ತೆ ಪಕ್ಷೇತರರಾಗಿ ನಿಲ್ಲದ ಹಾಗೆ ಹೆಚ್ಚಿನ ರಾಜ್ಯಗಳಲ್ಲಿ ಕಾನೂನು ತಡೆಯುತ್ತೆ.

ಆದರೆ ಅಲಾಸ್ಕಾದ ಲಿಸಾ ಮರ್ಕೌಸ್ಕಿ ಕಥೆ ಕೇಳು. 2010ರಲ್ಲಿ ಹಾಲಿ ಸೆನೆಟರ್ ಆಗಿದ್ದ ಅವರು ರಿಪಬ್ಲಿಕನ್ ಪ್ರೈಮರಿಯಲ್ಲಿ ಜೋ ಮಿಲ್ಲರ್ ಅನ್ನುವವರ ಎದುರು ಸೋತರು. ಬ್ಯಾಲೆಟ್‌ನಲ್ಲಿ ಅವರ ಹೆಸರೇ ಇಲ್ಲ. ಅಲ್ಲಿನ ಬ್ಯಾಲೆಟ್‌ನಲ್ಲಿ ಅಚ್ಚಾದ ಹೆಸರುಗಳ ಕೆಳಗೆ ಒಂದು ಖಾಲಿ ಗೆರೆ ಇರುತ್ತೆ, ಮತದಾರ ತನಗೆ ಬೇಕಾದವರ ಹೆಸರು ಬರೆದು ಪಕ್ಕದ ಅಂಡಾಕಾರದ ಗುರುತು ತುಂಬಬಹುದು. ಮರ್ಕೌಸ್ಕಿ ಅದನ್ನೇ ಹಿಡಿದರು. ಆ ಹೆಸರಿನ ಸ್ಪೆಲಿಂಗ್ ಅಲ್ಲಿನವರಿಗೂ ಸುಲಭ ಅಲ್ಲ. ಜಾಹೀರಾತಿನಲ್ಲಿ ಒಂದೊಂದೇ ಅಕ್ಷರ ಹೇಳಿಕೊಟ್ಟರು, ಹೆಸರು ಅಚ್ಚು ಹಾಕಿದ ಕೈಪಟ್ಟಿ ಹಂಚಿದರು. ಒಂದು ಲಕ್ಷಕ್ಕೂ ಜಾಸ್ತಿ ಜನ ಕೈಯಾರೆ ಹೆಸರು ಬರೆದರು! ರಾಜಧಾನಿ ಜೂನೊದಲ್ಲಿ ಒಂದೊಂದು ಚೀಟಿಯನ್ನೂ ಕೈಯಲ್ಲಿ ಹಿಡಿದು ಓದಿ ಎಣಿಸಿದರು. ಅಕ್ಷರ ತಪ್ಪಿದ ಮತ ಬೇಡ ಅಂತ ಎದುರಾಳಿ ಕೋರ್ಟಿಗೆ ಹೋದರು. ಮತದಾರನ ಉದ್ದೇಶ ಗೊತ್ತಾದರೆ ಸಾಕು, ಸ್ಪೆಲಿಂಗ್ ತಪ್ಪಿದರೂ ಮತ ಮತವೇ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಹೀಗೆ ಹೆಸರು ಬರೆಸಿಕೊಂಡು ಸೆನೆಟ್ ಗೆದ್ದವರು ಬಹಳ ಅಪರೂಪ, ಅವರಿಗಿಂತ ಮೊದಲು 1954ರಲ್ಲಿ ಸ್ಟ್ರಾಮ್ ಥರ್ಮಂಡ್ ಗೆದ್ದಿದ್ದರು.

ಹಾಸನ ಜಿಲ್ಲೆಯಿಂದ ಇನ್ನೊಬ್ಬರು ಕುಟುಂಬ ರಾಜಕಾರಣ ಅಲ್ಲೂ ಇದೆಯಾ ಅಂತ ಕೇಳಿದ್ದಾರೆ, ಅದಕ್ಕೂ ಇಲ್ಲೇ ಉತ್ತರ ಸಿಗುತ್ತೆ. ಲಿಸಾ ಸೆನೆಟ್‌ಗೆ ಬಂದಿದ್ದು ಚುನಾವಣೆಯಿಂದ ಅಲ್ಲ. ಅವರ ತಂದೆ ಫ್ರಾಂಕ್ ಮರ್ಕೌಸ್ಕಿ ಸೆನೆಟರ್ ಆಗಿದ್ದವರು, 2002ರಲ್ಲಿ ಗವರ್ನರ್ ಆಗಿ ಗೆದ್ದರು. ಖಾಲಿಯಾದ ತಮ್ಮ ಸೀಟಿಗೆ ಮಗಳನ್ನೇ ನೇಮಿಸಿದರು. ಜನಕ್ಕೆ ಸಿಟ್ಟು ಬಂತು, 2004ರಲ್ಲಿ ಗವರ್ನರ್ ಕೈಯಿಂದ ಆ ಅಧಿಕಾರ ಕಿತ್ತುಕೊಳ್ಳುವ ಕಾನೂನಿಗೇ ಮತ ಹಾಕಿದರು. ಅದೇ 2004ರಲ್ಲಿ ಮಗಳನ್ನು ಗೆಲ್ಲಿಸಿಯೂ ಬಿಟ್ಟರು. ತಪ್ಪು ತಂದೆಯದು, ಈಕೆಯ ಕೆಲಸ ಬೇರೆ ಅಂತ ತೂಗಿದರು ಅನ್ನಿಸುತ್ತೆ. ನನಗೆ ಅಲಾಸ್ಕಾದ ಮತದಾರರ ಮೇಲೆ ಬಹಳ ಗೌರವ. 2016, 2022ರಲ್ಲೂ ಅವರು ಗೆದ್ದಿದ್ದಾರೆ.

ಗೆದ್ದ ಶೀಹಿ ಮೊಂಟಾನಾದವರೇ ಅಲ್ಲವಂತೆ?
– ಸಕಲೇಶಪುರದಿಂದ ಒಬ್ಬರು

ಹುಟ್ಟಿದ್ದು ಮಿನ್ನೆಸೋಟಾದಲ್ಲಿ, ಮೊಂಟಾನಾಕ್ಕೆ ಬಂದಿದ್ದು 2014ರಲ್ಲಿ. ಆರಿಸಿ ಬರುವ ದಿನ ಆ ರಾಜ್ಯದ ವಾಸಿ ಆಗಿದ್ದರೆ ಸಾಕು ಅನ್ನುತ್ತೆ ಅಲ್ಲಿನ ಸಂವಿಧಾನ. ಟೆಸ್ಟರ್ ಕಡೆಯವರು ಹೊರಗಿನವರು ಅಂತ ಪ್ರಚಾರ ಮಾಡಿದರು, ನಡೆಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರೇ ಅಲ್ಲಿ ಬಹಳ ಆಗಿದ್ದಾರೆ, ಅವರಿಗೆ ಆ ಮಾತು ಹೇಗೆ ತಟ್ಟೀತು?

ರಾಜ್ಯಸಭೆಗೆ ಅದೇ ರಾಜ್ಯದವರಾಗಿರಬೇಕು ಅನ್ನುವ ನಿಯಮವನ್ನು ನಾವು 2003ರಲ್ಲೇ ತೆಗೆದುಹಾಕಿದ್ದೇವೆ. 2024ರಲ್ಲಿ ಕರ್ನಾಟಕದಿಂದ ಆಯ್ಕೆಯಾದ ಅಜಯ್ ಮಾಕೆನ್ ದೆಹಲಿಯವರು. ನೇರ ಚುನಾವಣೆಯ ಮಾತೇ ಬೇರೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ನಿಂತಾಗ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟಿದ್ದರು, ಎದುರಿಗೆ ವೀರೇಂದ್ರ ಪಾಟೀಲರಂಥ ಕನ್ನಡ ನಾಡಿನ ದೊಡ್ಡ ನಾಯಕರಿದ್ದರು. ಆದರೂ ಜನ 77,333 ಮತಗಳ ಅಂತರದಿಂದ ಇಂದಿರಾ ಅವರನ್ನು ಗೆಲ್ಲಿಸಿದರು. ಆಗ ಹೊರಗಿನವರು ಅನ್ನೋದಕ್ಕಿಂತ ಬೇರೆ ಏನೋ ಮುಖ್ಯ ಆಗಿತ್ತು.

ಈ ಸೆನೆಟ್ ಚುನಾವಣೆಯೆಲ್ಲ ತಿಳಿದುಕೊಂಡು ನಮಗೆ ಏನಾಗಬೇಕು?
– ತೋಟದ ರೈಟರ್, ಕೊಪ್ಪ

ಬೇಡ ಅಂದರೂ ನಮ್ಮ ತೋಟಕ್ಕೆ ಬರುತ್ತೆ ಅಣ್ಣಾ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹಾಕಿದ್ದು ನೆನಪಿದೆಯಲ್ಲ? ಬ್ರೆಜಿಲ್ ಮೇಲೂ ಅಷ್ಟೇ. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ಬ್ರೆಜಿಲ್, ಅತಿ ಹೆಚ್ಚು ಕಾಫಿ ಕುಡಿಯೋ ದೇಶಗಳಲ್ಲಿ ಅಮೆರಿಕ ಮುಂದೆ. ಇಬ್ಬರ ಮಧ್ಯೆ ಜಗಳ ಆದರೆ ನಮ್ಮ ರೊಬಸ್ಟಾ, ಅರೇಬಿಕಾ ರೇಟೂ ಅಲ್ಲಾಡುತ್ತೆ. ನಮ್ಮ ಕಾಫಿ ಜಾಸ್ತಿ ಹೋಗೋದು ಇಟಲಿ, ಜರ್ಮನಿ ಕಡೆಗಾದರೂ ಬೆಲೆ ತೀರ್ಮಾನ ಆಗೋದು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಯಲ್ಲಿ.

ಆ ಅಕ್ಟೋಬರ್ ಕೊನೆಯಲ್ಲಿ ಬ್ರೆಜಿಲ್ ಸುಂಕ ನಿಲ್ಲಿಸಬೇಕು ಅಂತ ಸೆನೆಟ್‌ನಲ್ಲಿ ಒಂದು ನಿರ್ಣಯ 52-48ರಲ್ಲಿ ಪಾಸಾಯಿತು. ಅಧ್ಯಕ್ಷರ ಪಕ್ಷದ ಐವರು ಸೆನೆಟರ್‌ಗಳು ತಮ್ಮ ಪಕ್ಷದ ವಿರುದ್ಧ ಮತ ಹಾಕಿದ್ದರಿಂದಲೇ ಅದು ಸಾಧ್ಯ ಆಯಿತು. ಅವರಲ್ಲಿ ಒಬ್ಬರು ಮೇಲೆ ಹೇಳಿದ ಲಿಸಾ ಮರ್ಕೌಸ್ಕಿ. ಪ್ರೈಮರಿಯಲ್ಲಿ ಸೋತರೂ ಜನರ ಕೈಬರಹದಿಂದ ಗೆದ್ದು ಬಂದವರು ಪಕ್ಷಕ್ಕೆ ಯಾಕೆ ಹೆದರಬೇಕು? ಸೆನೆಟ್‌ನಲ್ಲಿ ಪಾಸಾದ ಮಾತ್ರಕ್ಕೆ ಅದು ಜಾರಿಯಾಗಲ್ಲ, ಕೆಳಮನೆ ಒಪ್ಪಬೇಕು, ಅಧ್ಯಕ್ಷರ ಸಹಿ ಬೇಕು. ಆದರೆ ನವೆಂಬರ್‌ನಲ್ಲಿ ಕಾಫಿ, ಟೀ, ಮಸಾಲೆ ಪದಾರ್ಥಗಳಿಗೆ ಸುಂಕದಿಂದ ವಿನಾಯಿತಿ ಕೊಟ್ಟರು. ಅಂಗಡಿಯಲ್ಲಿ ಕಾಫಿ ಬೆಲೆ ಏರಿ ಅಲ್ಲಿನ ಜನ ಗೊಣಗಿದ್ದೇ ಅದಕ್ಕೆ ದೊಡ್ಡ ಕಾರಣ. ಮತ ಹಾಕುವವರ ಗೊಣಗಾಟ ಆರು ವರ್ಷಕ್ಕೊಮ್ಮೆ ಅವರ ಮುಂದೆ ಹೋಗಿ ನಿಲ್ಲಬೇಕಾದವರಿಗೆ ಬೇಗ ಕೇಳಿಸುತ್ತೆ.

ಇಲ್ಲಿ ಸೋತವರು ಪರಿಷತ್ತಿಗೋ ರಾಜ್ಯಸಭೆಗೋ ಹೋಗುತ್ತಾರೆ. ಅಲ್ಲಿ ಸೋತ ಸೆನೆಟರ್‌ಗೆ ಏನು ದಾರಿ?
– ಬೇಲೂರಿನ ಓದುಗರು

ಹಿಂಬಾಗಿಲು ಇಲ್ಲ. ಮತ್ತೆ ಜನರ ಮುಂದೆಯೇ ನಿಲ್ಲಬೇಕು. ಸೀಟು ಮಧ್ಯದಲ್ಲಿ ಖಾಲಿಯಾದರೆ ಹಲವು ರಾಜ್ಯಗಳಲ್ಲಿ ಗವರ್ನರ್ ನೇಮಿಸಬಹುದು, ಅದೂ ಮುಂದಿನ ಚುನಾವಣೆವರೆಗೆ ಮಾತ್ರ. ನಮ್ಮಲ್ಲಿ 2023ರಲ್ಲಿ ಚಿಕ್ಕಮಗಳೂರಿನಲ್ಲಿ 5,926 ಮತಗಳಿಂದ ಸೋತ ಸಿ.ಟಿ. ರವಿ 2024ರಲ್ಲಿ ಪರಿಷತ್ ಸದಸ್ಯರಾದರು. ದೇವೇಗೌಡರು 2019ರಲ್ಲಿ ತುಮಕೂರಿನಲ್ಲಿ ಸೋತ ಮೇಲೆ 2020ರಲ್ಲಿ ರಾಜ್ಯಸಭೆಗೆ ಅವಿರೋಧವಾಗಿ ಹೋದರು. ಎರಡೂ ಕಾನೂನು ಪ್ರಕಾರವೇ. ಅನುಭವಿಗಳು ಸದನದಲ್ಲಿ ಇರಬೇಕು ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಸೋಲಿಸಿದ ಮತದಾರನಿಗೂ ಒಂದು ಮರ್ಯಾದೆ ಇದೆ, ಕನಿಷ್ಠ ಒಂದು ಅವಧಿ ಕಾಯೋದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಮಗ ಎಚ್-1ಬಿ ವೀಸಾದಲ್ಲಿ ಅಲ್ಲಿದ್ದಾನೆ. ಅವನು ವೋಟು ಹಾಕಬಹುದಾ, ದೇಣಿಗೆ ಕೊಡಬಹುದಾ? ಗ್ರೀನ್ ಕಾರ್ಡ್ ಅರ್ಜಿ ಕೂತುಬಿಟ್ಟಿದೆ, ಸೆನೆಟರ್‌ಗೆ ಹೇಳಿದರೆ ಏನಾದರೂ ಆಗುತ್ತಾ?
– ತಾಯಿಯೊಬ್ಬರು, ಚನ್ನರಾಯಪಟ್ಟಣ

ಅಮ್ಮಾ, ವೋಟು ಹಾಕುವ ಹಾಗಿಲ್ಲ. ಸೆನೆಟ್ ಚುನಾವಣೆಯಲ್ಲಿ ನಾಗರಿಕರಿಗೆ ಮಾತ್ರ ಮತ. ಗೊತ್ತಿಲ್ಲದೆ ಹಾಕಿದರೂ ದೊಡ್ಡ ತೊಂದರೆ, ದೇಶದಿಂದ ಹೊರಗೆ ಕಳಿಸಬಹುದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಲಾ ಅಂತ ಫಾರ್ಮಿನಲ್ಲಿ ಒಂದು ಕಾಲಂ ಇರುತ್ತೆ, ಅಲ್ಲಿ ಹೌದು ಅಂತ ಟಿಕ್ ಮಾಡಬಾರದು ಅಂತ ಇವತ್ತೇ ಹೇಳಿ. ದೇಣಿಗೆಯೂ ಕೂಡದು. ಗ್ರೀನ್ ಕಾರ್ಡ್ ಬಂದ ಮೇಲೆ ದೇಣಿಗೆ ಕೊಡಬಹುದು, ಮತ ಮಾತ್ರ ಪೌರತ್ವ ಸಿಕ್ಕ ಮೇಲೆಯೇ.

ಆದರೆ ಸೆನೆಟರ್ ಕಚೇರಿಗೆ ಬರೆಯಬಹುದು. ಮತ ಇಲ್ಲದವರು ಕೂಡ ಆ ರಾಜ್ಯದಲ್ಲಿ ವಾಸ ಇದ್ದರೆ ಅವರ ಕಚೇರಿಯಲ್ಲಿ ಸಹಾಯ ಕೇಳಬಹುದು. ಇಂಥ ಅರ್ಜಿ ನೋಡೋದಕ್ಕೇ ಅಲ್ಲಿ ಸಿಬ್ಬಂದಿ ಇರುತ್ತಾರೆ. ಹಾಲಿ ಸದಸ್ಯರು ಮತ್ತೆ ಮತ್ತೆ ಗೆಲ್ಲೋದಕ್ಕೆ ಸದ್ದಿಲ್ಲದ ಈ ಕೆಲಸವೂ ಒಂದು ಕಾರಣ. ತೀರ್ಮಾನ ಬದಲಾಯಿಸುವ ಅಧಿಕಾರ ಅವರಿಗಿಲ್ಲ, ಸರದಿ ತಪ್ಪಿಸಿ ಮುಂದೆ ತರೋಕೂ ಆಗಲ್ಲ. ಕಡತ ಎಲ್ಲಿ ನಿಂತಿದೆ, ಯಾಕೆ ತಡ ಅಂತ ಇಲಾಖೆಯನ್ನು ಕೇಳಿ ಉತ್ತರ ತರಿಸುತ್ತಾರೆ. ಭಾರತೀಯರ ಸರದಿ ಉದ್ದ ಇರೋದು ದೇಶವಾರು ಮಿತಿಯಿಂದ, ಅದು ಬದಲಾಗಬೇಕಾದರೆ ಕಾನೂನೇ ಬದಲಾಗಬೇಕು. ಆದರೆ ಕಡತ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಈ ದಾರಿ ಉಪಯೋಗಕ್ಕೆ ಬರುತ್ತೆ. ಆ ರಾಜ್ಯದ ಇಬ್ಬರು ಸೆನೆಟರ್‌ಗಳಲ್ಲಿ ಒಬ್ಬರ ವೆಬ್‌ಸೈಟಿಗೆ ಹೋಗಿ, ತನ್ನ ಕಡತ ನೋಡೋಕೆ ಒಪ್ಪಿಗೆ ಕೊಡುವ ಫಾರ್ಮು ತುಂಬಿ ಸಹಿ ಮಾಡಿ ಕಳಿಸಲಿ. ಅರ್ಜಿಯ ರಶೀದಿ ನಂಬರು ಹತ್ತಿರ ಇಟ್ಟುಕೊಂಡಿರಲಿ, ಅವರು ಮೊದಲು ಕೇಳೋದೇ ಅದನ್ನು.